ಕ್ಲಬ್ ಬಿಟ್ಟು ಹೋದ ಆಟಗಾರರ ಮೇಲೆ ಫುಟ್‌ಬಾಲ್ ಅಭಿಮಾನಿಗಳಿಗೆ ಅಷ್ಟು ಸಿಟ್ಟು ಯಾಕೆ?

ಬಿಟ್ಟು ಹೋದದ್ದಕ್ಕಿಂತ ಎಲ್ಲಿಗೆ ಹೋದರು ಅನ್ನೋದೇ ಜಾಸ್ತಿ ನೋಯಿಸುತ್ತದೆ. 2000ರಲ್ಲಿ ಫಿಗೊ ಬಾರ್ಸಿಲೋನಾದಿಂದ ನೇರವಾಗಿ ಬದ್ಧವೈರಿ ರಿಯಲ್ ಮ್ಯಾಡ್ರಿಡ್‌ಗೆ ಹೋದರು. 2002ರಲ್ಲಿ ಅವರು ಬಾರ್ಸಿಲೋನಾದ ಮೈದಾನದಲ್ಲೇ ಮ್ಯಾಡ್ರಿಡ್ ಪರ ಕಾರ್ನರ್ ಕಿಕ್ ಹೊಡೆಯಲು ಬಂದಾಗ ಬಾಟಲಿಗಳು ತೂರಿಬಂದವು, ಹಂದಿಯ ತಲೆಯೂ ಮೈದಾನಕ್ಕೆ ಬಿತ್ತು. ಅದು ಅತಿಯಾಯ್ತು, ಒಪ್ಪುವ ಮಾತೇ ಅಲ್ಲ.

ಫಿಗೊ ಹೋದ ವರ್ಷವೇ, 2000ರಲ್ಲಿ, ಇಟಲಿಯ ಫಿಯೊರೆಂಟಿನಾ ಕ್ಲಬ್ ಬಿಟ್ಟು ರೋಮಾ ಸೇರಿದ ಬಟಿಸ್ಟುಟಾ ಹಳೇ ಕ್ಲಬ್ ವಿರುದ್ಧ ಗೋಲು ಹೊಡೆದರೂ ಸಂಭ್ರಮಿಸಲಿಲ್ಲ, ಕಣ್ಣೀರು ಹಾಕಿದರು. ಅಂಥವರ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ.

ನಮ್ಮ ಹಾಸನದಲ್ಲೂ ಬೆಂಗಳೂರು ಎಫ್‌ಸಿ ಅಭಿಮಾನಿಗಳಿದ್ದೇವೆ. 2023ರಲ್ಲಿ ನಮ್ಮ ಆಟಗಾರ ಉದಾಂತ ಸಿಂಗ್ ಎಫ್‌ಸಿ ಗೋವಾ ತಂಡಕ್ಕೆ ಹೋದಾಗ ಬೇಜಾರಾಯ್ತು, ಸಿಟ್ಟು ಬರಲಿಲ್ಲ. 2014ರಿಂದ ನೀಲಿ ಜೆರ್ಸಿಯಲ್ಲಿ ಲೈನ್ ಪಕ್ಕ ಗಾಳಿಯಂತೆ ಓಡಿದವರು, ಅಲ್ವಾ? ನಮ್ಮ ಬದ್ಧವೈರಿ ಕೇರಳ ಬ್ಲಾಸ್ಟರ್ಸ್‌ಗೆ ಹೋಗಿದ್ದರೆ ಮಾತೇ ಬೇರೆ ಇರುತ್ತಿತ್ತು.