‘ಮನೇಲಿ ನಾಯಿ ಇದೆಯಾ?’ ಅಂದರು, ‘ಇಲ್ಲ’ ಅಂದೆ

ಹೆಸರು, ಬಡಾವಣೆ, ಕೆಲಸ ಎಲ್ಲವನ್ನೂ ಬದಲಾಯಿಸಿದ್ದೇನೆ. ಬರೆಯಲು ಹುಡುಗನ ಅಪ್ಪ ಅಮ್ಮ ಒಪ್ಪಿದ್ದಾರೆ. ಹುಡುಗನನ್ನೂ ಕೇಳಿದ್ದೇನೆ.

ಮಹೇಶ್ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಸುಮಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮಗಳು ಎಂಟನೇ ಕ್ಲಾಸು, ಮಗ ಮೂರನೇ ಕ್ಲಾಸು. ಮಗನನ್ನು ಇಲ್ಲಿ ಚಿನ್ನು ಎನ್ನೋಣ. ನಾನು ಆಪ್ತಸಮಾಲೋಚಕಿ. ಅವರು ನನ್ನ ಹತ್ತಿರ ಬಂದಾಗ ಚಿನ್ನು ಆಸ್ಪತ್ರೆಯಿಂದ ಮನೆಗೆ ಬಂದು ಎರಡು ತಿಂಗಳಾಗಿತ್ತು. ಜ್ವರ ಪೂರ್ತಿ ಹೋಗಿತ್ತು, ಶಾಲೆಗೂ ಹೋಗುತ್ತಿದ್ದ. ಆದರೆ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಗಂಡ ಹೆಂಡತಿ ಬೇಕಾದ್ದಕ್ಕೆ ಮಾತ್ರ ಮಾತಾಡುತ್ತಿದ್ದರು. ಸುಮಾ ಅತ್ತೆಯ ಫೋನ್ ಎತ್ತುವುದನ್ನೇ ಬಿಟ್ಟಿದ್ದರು.

ಆಗಿದ್ದು ಇಷ್ಟು. ದಸರಾ ರಜೆಗೆ ಮಕ್ಕಳು ಮಾಗಡಿ ಕಡೆಯ ಅಜ್ಜಿ ಮನೆಗೆ ಹೋಗಿದ್ದರು. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಚಿನ್ನುಗೆ ಜ್ವರ ಶುರುವಾಯಿತು. ಹತ್ತಿರದ ಕ್ಲಿನಿಕ್‌ನಲ್ಲಿ ವೈರಲ್ ಎಂದರು. ಮೂರನೇ ದಿನ ಡೆಂಗ್ಯೂ ಟೆಸ್ಟ್ ಮಾಡಿಸಿದರು, ನೆಗೆಟಿವ್ ಬಂತು. ಆಂಟಿಬಯಾಟಿಕ್ ಕೊಟ್ಟರು, ಜ್ವರ ಜಗ್ಗಲಿಲ್ಲ. ಐದನೇ ದಿನ ಮೈಮೇಲೆ ಕೆಂಪು ಗುಳ್ಳೆ ಎದ್ದವು. ಮಾತ್ರೆಯ ಅಲರ್ಜಿ ಇರಬಹುದು ಎಂದರು. ಏಳನೇ ದಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಪ್ಲೇಟ್‌ಲೆಟ್ ಇಳಿದಿತ್ತು, ಹಾಗಾಗಿ ಮತ್ತೆ ಡೆಂಗ್ಯೂ ಕಡೆಗೇ ಗಮನ ಹೋಯಿತು. ಒಂಬತ್ತನೇ ದಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದರು.

ಅಲ್ಲಿ ಹಿರಿಯ ಮಕ್ಕಳ ಡಾಕ್ಟರೊಬ್ಬರು ಹುಡುಗನ ಕಾಲು ಎತ್ತಿ ಪಾದದ ಅಡಿ ನೋಡಿದರು. ಆಮೇಲೆ ಅಂಗೈ ಬಿಡಿಸಿ ನೋಡಿದರು. ಎರಡೂ ಕಡೆ ಗುಳ್ಳೆ ಇದ್ದವು. “ರಜೆಗೆ ಎಲ್ಲಿಗೆ ಹೋಗಿದ್ರಿ? ಅಲ್ಲಿ ದನ, ನಾಯಿ ಏನಾದ್ರೂ ಇದ್ವಾ?” ಎಂದು ಕೇಳಿದರು. ಅಜ್ಜಿ ಮನೆಯ ನಾಯಿ ಕರಿಯನ ವಿಷಯ ಆಗ ಹೊರಬಂತು. ರಿಪೋರ್ಟಿಗೆ ಕಾಯದೆ ಅವತ್ತೇ ಸಂಜೆ ಡಾಕ್ಸಿಸೈಕ್ಲಿನ್ ಎಂಬ ಬೇರೆ ಆಂಟಿಬಯಾಟಿಕ್ ಶುರು ಮಾಡಿದರು. ಮೂರನೇ ದಿನಕ್ಕೆ ಜ್ವರ ಇಳಿಯಿತು. ಅಷ್ಟರಲ್ಲಿ ಎಡಗಿವಿಯ ಹಾಲೆಯ ಅಂಚು ಕಪ್ಪಾಗಿತ್ತು. ಅಲ್ಲಿನ ಚರ್ಮ ಉದುರಿ ಸ್ವಲ್ಪ ಭಾಗ ಹೋಯಿತು.

ಇದು ಉಣ್ಣೆ ಕಡಿತದಿಂದ ಬರುವ, ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾದ ಜ್ವರ. ಡಾಕ್ಟರುಗಳು ಇಂಡಿಯನ್ ಟಿಕ್ ಟೈಫಸ್ ಎನ್ನುತ್ತಾರೆ. ನಾಯಿಯ ಮೈಮೇಲಿನ ಉಣ್ಣೆಯೂ ಇದನ್ನು ತರಬಹುದು. ಉಣ್ಣೆ ಕಚ್ಚಿದರೆ ನೋವಾಗುವುದಿಲ್ಲ, ಎಷ್ಟೋ ಜನಕ್ಕೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಮೊದಲ ಕೆಲವು ದಿನ ಇದು ಬೇರೆ ಯಾವ ಜ್ವರದ ಹಾಗೂ ಕಾಣಬಹುದು. ಡೆಂಗ್ಯೂನಲ್ಲಿ ಇಳಿಯುವಂತೆ ಇದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಇದನ್ನು ಪತ್ತೆ ಮಾಡಲು ವೀಲ್-ಫೆಲಿಕ್ಸ್ ಎಂಬ ರಕ್ತದ ಟೆಸ್ಟ್ ಇದೆ, ಆದರೆ ಮೊದಲ ವಾರ ಅದು ನೆಗೆಟಿವ್ ಬರುವುದು ಜಾಸ್ತಿ. ಮಕ್ಕಳಿಗೆ ಸಾಮಾನ್ಯವಾಗಿ ಕೊಡುವ ಅಮಾಕ್ಸಿಸಿಲಿನ್, ಸೆಫ್ಟ್ರಿಯಾಕ್ಸೋನ್ ಥರದ ಔಷಧಿಗಳಿಗೆ ಈ ರೋಗಾಣು ಬಗ್ಗುವುದಿಲ್ಲ. ನಾನು ಡಾಕ್ಟರಲ್ಲ. ಇದನ್ನೆಲ್ಲ ಮಕ್ಕಳ ಡಾಕ್ಟರೊಬ್ಬರಿಂದ ಕೇಳಿ ತಿಳಿದುಕೊಂಡೆ. ಯಾವ ದಿನ ಏನು ಗೊತ್ತಾಗಲು ಸಾಧ್ಯವಿತ್ತು ಎಂಬುದು ನನಗೇ ಸ್ಪಷ್ಟವಿಲ್ಲದಿದ್ದರೆ ಈ ಮನೆಯವರ ಜೊತೆ ಮಾತಾಡಿ ಉಪಯೋಗವಿರಲಿಲ್ಲ.

ಏಕೆಂದರೆ ಈ ಮನೆಯಲ್ಲಿ ನಡೆಯುತ್ತಿದ್ದ ಜಗಳ ಪೂರ್ತಿ ಆ ಒಂಬತ್ತು ದಿನಗಳದ್ದು. “ಇನ್ನೊಬ್ಬ ಡಾಕ್ಟರಿಗೆ ತೋರಿಸು ಅಂತ ನಾಲ್ಕನೇ ದಿನವೇ ಹೇಳಿದ್ದೆ” ಎನ್ನುತ್ತಿದ್ದರು ಮಹೇಶ್. “ನಿಮ್ಮ ಅಮ್ಮ ನಾಯಿಗೆ ಒಂದು ಔಷಧಿ ಹಾಕಿಸಿದ್ರೆ ಇದೆಲ್ಲ ಯಾಕಾಗ್ತಿತ್ತು?” ಎನ್ನುತ್ತಿದ್ದರು ಸುಮಾ. ಅಜ್ಜಿ ಅತ್ತು ಅತ್ತು ಕರಿಯನನ್ನು ಯಾರದೋ ತೋಟಕ್ಕೆ ಕೊಟ್ಟುಬಿಟ್ಟಿದ್ದರು.

ಸುಮಾ ಒಬ್ಬರೇ ಇದ್ದಾಗ ಇನ್ನೊಂದು ವಿಷಯ ಹೇಳಿದರು. ನರ್ಸಿಂಗ್ ಹೋಮಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು “ಮನೇಲಿ ನಾಯಿ ಇದೆಯಾ?” ಎಂದು ಕೇಳಿದ್ದರಂತೆ. “ಇಲ್ಲ ಅಂದೆ ಮೇಡಂ. ಬಾಡಿಗೆ ಮನೆ, ನಾಯಿ ಎಲ್ಲಿಂದ ಬರಬೇಕು? ನಾನು ಹೂಂ ಅಂದಿದ್ರೆ ಎರಡು ದಿನ ಮುಂಚೆ ಔಷಧಿ ಸಿಕ್ತಿತ್ತು. ಕಿವಿ ಉಳೀತಿತ್ತು.” ಗಂಡನಿಗೆ ಇದನ್ನು ಹೇಳಿರಲಿಲ್ಲ. ಅತ್ತೆಯ ಮೇಲೆ ಅಷ್ಟು ಸಿಟ್ಟು ಯಾಕೆ ಎಂಬುದು ನನಗೆ ಅಲ್ಲಿ ಅರ್ಥವಾಯಿತು.

ನಾನು ಅವರಿಗೆ ಒಂದು ನೋಟ್‌ಬುಕ್ ಕೊಟ್ಟೆ. ಹಾಳೆಯ ಮಧ್ಯೆ ಗೆರೆ ಎಳೆದು, ಎಡಕ್ಕೆ ಜ್ವರದ ಒಂದೊಂದು ದಿನ ಏನಾಯಿತು, ಬಲಕ್ಕೆ ಆ ದಿನ ನಿಮಗೆ ಏನು ಗೊತ್ತಿತ್ತು ಎಂದು ಬರೆಯಲು ಹೇಳಿದೆ. ಆಮೇಲೆ ತಿಳಿದದ್ದನ್ನು ಬಲಗಡೆ ಬರೆಯುವ ಹಾಗಿಲ್ಲ. ಇಬ್ಬರೂ ಕೂತು ಒಟ್ಟಿಗೇ ಬರೆಯಬೇಕು. ಏಳನೇ ದಿನದ ಎದುರು ಸುಮಾ ‘ನಾಯಿ ಇದೆಯಾ ಅಂದರು, ಇಲ್ಲ ಅಂದೆ’ ಎಂದು ಬರೆದರು. ಮಹೇಶ್ ಅದನ್ನು ಓದಿ ತುಂಬ ಹೊತ್ತು ಸುಮ್ಮನಿದ್ದು, “ನಾನಿದ್ರೂ ಇಲ್ಲ ಅಂತಾನೇ ಅಂತಿದ್ದೆ” ಎಂದರು. ಡಾಕ್ಟರು ಕೇಳಿದ ಪ್ರಶ್ನೆಗೆ ಸುಮಾ ನಿಜವನ್ನೇ ಹೇಳಿದ್ದರು. ಪ್ರಶ್ನೆ ಇನ್ನೊಂಚೂರು ಮುಂದೆ ಹೋಗಬೇಕಿತ್ತು ಅಷ್ಟೇ. ನಾನು ಇದನ್ನು ಎಷ್ಟು ಸಲ ಹೇಳಿದ್ದರೂ, ಗಂಡನ ಆ ಒಂದು ಮಾತಿನಷ್ಟು ಸಮಾಧಾನ ಅವರಿಗೆ ಸಿಗುತ್ತಿರಲಿಲ್ಲ.

ಚಿನ್ನು ವಿಷಯ ಬೇರೆಯೇ ಇತ್ತು. ಆಟ, ಚಿತ್ರ ಅಂತ ಕೆಲವು ಸಲ ಅವನ ಜೊತೆ ಕಾಲ ಕಳೆದೆ. ಅಜ್ಜಿ ಮನೆ ಚಿತ್ರ ಬರಿ ಅಂದಾಗ ಎಲ್ಲವನ್ನೂ ಬರೆದ, ನಾಯಿ ಬಿಟ್ಟು. ಕರಿಯ ಎಲ್ಲಿ ಎಂದೆ. ಬಾಗಿಲ ಕಡೆ ನೋಡಿ ಮೆಲ್ಲಗೆ, “ಆಂಟಿ, ಅಮ್ಮಂಗೆ ಹೇಳ್ಬೇಡಿ. ಉಣ್ಣೆ ಕಿತ್ತಿದ್ದು ನಾನೇ” ಎಂದ. ಜಗಲಿಯ ಮೇಲೆ ದೊಡ್ಡಪ್ಪನ ಮಗನ ಜೊತೆ ಕೂತು ಕರಿಯನ ಕಿವಿಯಿಂದ ಉಣ್ಣೆ ಕಿತ್ತು, ಯಾರದು ಜೋರಾಗಿ ಚಿಟ್ ಅನ್ನುತ್ತೆ ಅಂತ ಉಗುರಿನಲ್ಲಿ ಕುಕ್ಕುವ ಆಟ ಆಡಿದ್ದರಂತೆ. ನಾಯಿಗೆ ನೋವಾಗ್ತಿತ್ತು, ಅದಕ್ಕೇ ಕಿತ್ತೆ ಎಂದ. ಮನೆಯಲ್ಲಿ ದೊಡ್ಡವರು ಕೂಗಾಡಿದಾಗಲೆಲ್ಲ ಇವನು ಪಕ್ಕದ ರೂಮಿನಲ್ಲಿ ಹೊದ್ದುಕೊಂಡು ಮಲಗಿ ಕೇಳಿಸಿಕೊಳ್ಳುತ್ತಿದ್ದ. ಅಪ್ಪ ಅಮ್ಮ ಜಗಳವಾಡುವುದು, ಅಜ್ಜಿ ಅಳುವುದು, ಕರಿಯ ಹೋಗಿದ್ದು, ಎಲ್ಲಕ್ಕೂ ತಾನೇ ಕಾರಣ ಎಂದು ಎಂಟು ವರ್ಷದ ಮಗು ನಂಬಿಕೊಂಡಿತ್ತು.

ಉಣ್ಣೆಯನ್ನು ಕೈಯಲ್ಲಿ ಕುಕ್ಕಿದರೆ ಸೋಂಕು ತಗಲಬಹುದು ಎಂಬುದು ನಿಜ. ಹಾಗಾಗಿ ‘ಅದಕ್ಕೂ ಜ್ವರಕ್ಕೂ ಸಂಬಂಧವಿಲ್ಲ’ ಎಂದು ಸುಳ್ಳು ಹೇಳಲು ನನಗೆ ಮನಸ್ಸಿರಲಿಲ್ಲ. ಮಕ್ಕಳು ಮುಂದೆಂದೋ ನಿಜ ತಿಳಿದುಕೊಳ್ಳುತ್ತಾರೆ, ಆಗ ನಮ್ಮ ಬೇರೆ ಮಾತುಗಳನ್ನೂ ನಂಬುವುದಿಲ್ಲ. ಅವನೇ ಅಮ್ಮನಿಗೆ ಹೇಳಲಿ, ನಾನು ಪಕ್ಕದಲ್ಲಿರುತ್ತೇನೆ ಎಂದು ಒಪ್ಪಿಸಿದೆ. ಸುಮಾಗೆ ಮೊದಲೇ ಒಂದು ಸೂಚನೆ ಮಾತ್ರ ಕೊಟ್ಟಿದ್ದೆ: ಅವನು ಏನು ಹೇಳಿದರೂ ಪೂರ್ತಿ ಕೇಳಿ, ‘ಯಾಕೆ ಹೇಳಲಿಲ್ಲ’ ಎಂದು ಮಾತ್ರ ಕೇಳಬೇಡಿ. ಅವನು ಹೇಳಿದ. ಸುಮಾ ಅವನ ಕೈ ಹಿಡಿದುಕೊಂಡು, “ನಿಂಗೆ ಗೊತ್ತಿರಲಿಲ್ಲ ಕಂದ. ನಂಗೂ ಗೊತ್ತಿರಲಿಲ್ಲ. ಗೊತ್ತಿಲ್ದೆ ಆಗಿದ್ದು ಯಾರ ತಪ್ಪೂ ಅಲ್ಲ” ಎಂದರು. ಮುಂದಿನ ವಾರಗಳಲ್ಲಿ ಹಾಸಿಗೆ ಒದ್ದೆಯಾಗುವುದು ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ, ಅವಸರವೂ ಇಲ್ಲ.

ಉಳಿದ ಸಲಹೆಗಳು ದಿನನಿತ್ಯದವು. ಸುಮಾ ರಾತ್ರಿ ಎದ್ದೆದ್ದು ಥರ್ಮಾಮೀಟರ್ ಇಡುತ್ತಿದ್ದರು, ಮಗು ನಿದ್ದೆಗೆಡುತ್ತಿತ್ತು. ಬೆಳಿಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ, ಅದೂ ಮೊದಲ ಎರಡು ವಾರ ಮಾತ್ರ ಎಂದು ಗೊತ್ತು ಮಾಡಿಕೊಂಡೆವು. ಆಮೇಲೆ ಮೈ ಬೆಚ್ಚಗಾದರೆ ಮಾತ್ರ. ಚಿನ್ನುವಿನ ತಟ್ಟೆ ಲೋಟ ಬೇರೆ ಇಟ್ಟಿದ್ದರು. ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಅದನ್ನು ತಕ್ಷಣ ನಿಲ್ಲಿಸಲು ಹೇಳಿದೆ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅವರಿಗೆ ಎರಡು ಭಯ ಹತ್ತಿಕೊಂಡಿದ್ದವು. ಒಂದು ಮಂಗನ ಕಾಯಿಲೆ. ಅದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ವೈರಸ್ ಕಾಯಿಲೆ. ಅದೂ ಉಣ್ಣೆಯಿಂದಲೇ ಬರುತ್ತದೆ, ಆದರೆ ರೋಗ ಬೇರೆ. ಇನ್ನೊಂದು, ಅಮೆರಿಕದವರು ವರ್ಷಗಟ್ಟಲೆ ನರಳುತ್ತೇವೆ ಎನ್ನುವ ಲೈಮ್ ಕಾಯಿಲೆ. ಅದೂ ಉಣ್ಣೆಯಿಂದಲೇ, ಆದರೆ ಅದರ ರೋಗಾಣುವೂ ಬೇರೆ. ರಾತ್ರಿ ಹುಡುಕುವ ಬದಲು ಅನುಮಾನಗಳನ್ನು ಬರೆದಿಟ್ಟು ಮುಂದಿನ ಭೇಟಿಯಲ್ಲಿ ಡಾಕ್ಟರನ್ನೇ ಕೇಳಿ ಎಂದೆ. ಕೇಳಿದರು, ಎರಡೂ ಅಲ್ಲ ಎಂದು ಅವರ ಬಾಯಿಂದಲೇ ಕೇಳಿದ ಮೇಲೆ ನಿದ್ದೆ ಬಂತಂತೆ.

ಮಗಳನ್ನು ಯಾರೂ ವಿಚಾರಿಸಿರಲಿಲ್ಲ. ಒಂಬತ್ತು ದಿನ ಅಕ್ಕಪಕ್ಕದ ಮನೆಯಲ್ಲಿ ಉಂಡು ಪರೀಕ್ಷೆ ಬರೆದ ಹುಡುಗಿ. ಭಾನುವಾರ ಸಂಜೆ ಅವಳ ಜೊತೆ ಅಪ್ಪ ಒಬ್ಬರೇ ಹೊರಗೆ ಹೋಗಬೇಕು ಎಂದೆ. ಹೋಗುತ್ತಿದ್ದಾರೆ.

ಮೊದಲ ಡಾಕ್ಟರ ಮೇಲಿನ ಸಿಟ್ಟನ್ನು ನುಂಗಿಕೊಳ್ಳಿ ಎಂದು ನಾನು ಹೇಳಲಿಲ್ಲ. ಮಗನ ಕಿವಿ ಹೋದ ತಂದೆಗೆ ಕೇಳುವ ಹಕ್ಕಿದೆ. ಜಗಳಕ್ಕಲ್ಲದೆ, ಡಿಸ್ಚಾರ್ಜ್ ಸಮರಿ ಹಿಡಿದು ಹೋಗಿ ಓದಿಸಿ ಬನ್ನಿ ಎಂದೆ. ಮಹೇಶ್ ಹೋದರು. ಡಾಕ್ಟರು ಓದಿ “ಸರಿ” ಎಂದರಂತೆ, ಬೇರೇನೂ ಹೇಳಲಿಲ್ಲ. ಮಹೇಶ್‌ಗೆ ಅದು ಸಾಲದು, ನನಗೂ ಸಾಲದು ಅನ್ನಿಸಿತು. ಆ ಸಿಟ್ಟು ಇನ್ನೂ ಇದೆ. ಅದು ಈಗ ಹೆಂಡತಿಯ ಮೇಲೆ ತಿರುಗುತ್ತಿಲ್ಲ.

ಅತ್ತೆ ಸೊಸೆ ಮಾತು ಇನ್ನೂ ಬಿಗಿಯಾಗಿಯೇ ಇದೆ. ಬೇಸಿಗೆ ರಜೆಗೆ ಊರಿಗೆ ಹೋಗುವುದು ಎಂದಾಗಿದೆ. ಅಜ್ಜಿ ಕರಿಯನನ್ನು ವಾಪಸ್ ಕರೆತಂದು ಪಶು ಡಾಕ್ಟರ ಹತ್ತಿರ ಔಷಧಿ ಹಾಕಿಸಿದ್ದಾರೆ. ದಿನಾ ಸಂಜೆ ಮಕ್ಕಳ ಕಿವಿ ಹಿಂದೆ, ತಲೆಗೂದಲು, ಕಂಕುಳು, ತೊಡೆಸಂದು ನೋಡಬೇಕು. ಉಣ್ಣೆ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆದು ತೆಗೆದು, ಸೋಪು ಹಾಕಿ ತೊಳೆಯಬೇಕು. ಮಧ್ಯೆ ಭಯ ತಡೆಯದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ನಂಬರ್ ಕೊಟ್ಟಿದ್ದೇನೆ. ಜ್ವರ ಬಂದರೆ ಡಾಕ್ಟರಿಗೆ ಮೊದಲ ದಿನವೇ, ಕೇಳದಿದ್ದರೂ ಹೇಳಬೇಕಾದ ಸಾಲನ್ನು ಸುಮಾ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಾರೆ: ‘ಎರಡು ವಾರದೊಳಗೆ ಹಳ್ಳಿಗೆ ಹೋಗಿದ್ವಿ, ಅಲ್ಲಿ ನಾಯಿ, ದನ ಇವೆ, ಉಣ್ಣೆ ಕಚ್ಚಿರಬಹುದು.’