ಪಂಪ್ ಬಿಚ್ಚಿಸುವ ಮೊದಲು ಡೀಸೆಲ್ ಎಲ್ಲಿಯವರೆಗೆ ಬಂದಿದೆ ನೋಡಿ

ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪನ್ನು ಹೊಸದಾಗಿ ಹಾಕಿಸಲೇ, ಹಳೆಯದನ್ನೇ ರಿಪೇರಿ ಮಾಡಿಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ. 2008ರ ಮಾದರಿಯ ಲಾರಿ, ರಾತ್ರಿ ನಿಂತರೆ ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸೋಲುತ್ತದೆ, ಒಮ್ಮೆ ಸ್ಟಾರ್ಟ್ ಆದರೆ ಸಂಜೆಯವರೆಗೂ ತಕರಾರಿಲ್ಲ, ಮೆಕ್ಯಾನಿಕ್ ಮಾತ್ರ ಪಂಪ್ ಹೋಗಿದೆ ಎನ್ನುತ್ತಿದ್ದಾನೆ. ಇಷ್ಟನ್ನೂ ನಾನು ಅನುಭವಿಸಿದ್ದೇನೆ, ಹಣವನ್ನೂ ಸುರಿದಿದ್ದೇನೆ.

ನನ್ನದು ಬ್ಯಾಡಗಿ ಮಾರುಕಟ್ಟೆಯ ಬಾಡಿಗೆ. ಜನವರಿಯಿಂದ ಏಪ್ರಿಲ್‌ವರೆಗೆ ಮೆಣಸಿನಕಾಯಿಯ ಆವಕ ಜೋರು. ಆ ತಿಂಗಳುಗಳಲ್ಲಿ ಲಾರಿ ಒಂದು ದಿನ ನಿಂತರೂ ವರ್ಷದ ಲೆಕ್ಕ ತಪ್ಪುತ್ತದೆ. ಹಾಗಾಗಿ ಹಂಗಾಮಿಗೆ ಮೊದಲೇ ಡೀಸೆಲ್ ಫಿಲ್ಟರ್‌ಗಳನ್ನು ನಾನೇ ಬದಲಾಯಿಸಿದೆ. ಟ್ಯಾಂಕಿನಿಂದ ಫೀಡ್ ಪಂಪಿಗೆ (ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಚಿಕ್ಕ ಪಂಪ್) ಬರುವ ಪೈಪನ್ನೂ ಬಿಚ್ಚಿ ಒಳಗೆಲ್ಲ ಸ್ವಚ್ಛ ಮಾಡಿ ಮತ್ತೆ ಕೂರಿಸಿದೆ. ಕೆಲವು ದಿನಗಳಾದ ಮೇಲೆ ಬೆಳಗಿನ ಕಾಟ ಶುರುವಾಯಿತು.

ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ತಂದೆ. ಬಾನೆಟ್ ತೆರೆಯುವ ಮೊದಲೇ ಪಂಪ್ ಎಂದರು. ಪಂಪ್ ಅಂಗಡಿಗೆ ಹೋಯಿತು. ಅಷ್ಟು ವರ್ಷ ದುಡಿದ ಪಂಪನ್ನು ಪರೀಕ್ಷೆಯ ಬೆಂಚಿಗೆ ಏರಿಸಿದರೆ ಏನಾದರೊಂದು ಸವೆತ ಕಂಡೇ ಕಾಣುತ್ತದೆ, ಅದು ಸುಳ್ಳಲ್ಲ. ಆದರೆ ಕಂಡ ಸವೆತವೇ ನಿಮ್ಮ ರೋಗ ಎಂದೇನೂ ಇಲ್ಲ. ಪ್ಲಂಜರ್ (ಪಂಪಿನೊಳಗೆ ಡೀಸೆಲನ್ನು ಒತ್ತುವ ಕಡ್ಡಿ), ಡೆಲಿವರಿ ವಾಲ್ವ್, ಕ್ಯಾಲಿಬ್ರೇಷನ್, ಜೊತೆಗೆ ನಾಜಲ್‌ಗಳು ಎಂದು ಬಿಲ್ ಬೆಳೆಯಿತು. ನಮ್ಮ ಕಡೆ ಇಂದಿಗೂ ಮೈಕೋ ಪಂಪ್ ಎಂದೇ ಕರೆಯುವ ಆ ಸಾಲು ಪಂಪುಗಳು, ಅಂದರೆ ಪ್ಲಂಜರ್‌ಗಳು ಸಾಲಾಗಿ ಕೂತಿರುವ ಪಂಪುಗಳು (ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡಿದೆ) ಎಷ್ಟು ಗಟ್ಟಿ ಎಂಬುದು ಅವುಗಳ ಜೊತೆ ಬಾಳಿದವರಿಗೆ ಗೊತ್ತು. ಒಳ್ಳೆಯ ಡೀಸೆಲ್ ಕುಡಿಸಿದರೆ ರಾತ್ರೋರಾತ್ರಿ ಸಾಯುವ ಜಾತಿಯಲ್ಲ.

ಮುಂದಿನದು ಇನ್ನೂ ಕೆಟ್ಟದ್ದು. ಪಂಪ್ ಕೂರಿಸಿಕೊಂಡು ಬರುವಾಗ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದೆ. ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಅದರ ಮರುದಿನವೂ ಆಯಿತು. ಪಂಪ್ ಅಂಗಡಿಯವರನ್ನು ಕಂಡಕಂಡವರ ಮುಂದೆ ಹೊಗಳಿದೆ. ಸ್ಥಳೀಯ ಬಾಡಿಗೆಗಳಲ್ಲಿ ಡೀಸೆಲ್ ಅರ್ಧಕ್ಕಿಂತ ಕೆಳಗಿಳಿಯಿತು. ಆಮೇಲೆ ಬ್ಯಾಡಗಿಯಲ್ಲಿ ಕೇರಳಕ್ಕೆ ಹೋಗಬೇಕಿದ್ದ ಚೀಲಗಳನ್ನು ರಾತ್ರಿ ತುಂಬಿಸಿ ನಿಲ್ಲಿಸಿದೆ. ಅಲ್ಲಿನ ಕಾರ್ಖಾನೆಗಳು ನಮ್ಮ ಮೆಣಸಿನಕಾಯಿಯಿಂದ ಬಣ್ಣ ತೆಗೆಯುತ್ತವೆ, ಸಮಯಕ್ಕೆ ಸರಕು ಮುಟ್ಟಲೇಬೇಕು. ಬೆಳಿಗ್ಗೆ ಲಾರಿ ಜಗ್ಗಲಿಲ್ಲ. ವ್ಯಾಪಾರಿ ಮಧ್ಯಾಹ್ನದವರೆಗೆ ಕಾದ, ನಂತರ ಸರಕನ್ನು ಬೇರೆ ಲಾರಿಗೆ ಸಾಗಿಸಿದ. ಏರಿಸಿದ ಹಮಾಲಿ, ಇಳಿಸಿದ ಹಮಾಲಿ, ಎರಡೂ ನನ್ನ ತಲೆಗೆ ಬಂದವು.

ಅಂದು ಸಿಕ್ಕವನು ಕಾಗಿನೆಲೆ ರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗ. ಎಂಜಿನ್ ನೋಡುವ ಮೊದಲು ಡೀಸೆಲ್ ಮುಳ್ಳು ನೋಡಿದ. ಟ್ಯಾಂಕ್ ತುಂಬಿದ್ದಾಗ ಹೀಗಾಗಿತ್ತೇ ಎಂದು ಕೇಳಿದ. ನೆನಪು ಮಾಡಿಕೊಂಡರೆ ಒಮ್ಮೆಯೂ ಇಲ್ಲ. ಟ್ಯಾಂಕಿನ ಬಾಯಿಗೆ ಬಟ್ಟೆ ಸುತ್ತಿ ರಬ್ಬರ್ ಪೈಪ್‌ನಿಂದ ಬಾಯಲ್ಲೇ ಮೆಲ್ಲಗೆ ಊದಿದ. ಫೀಡ್ ಪಂಪಿಗೆ ಪೈಪನ್ನು ಕೂಡಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೊ ಬೋಲ್ಟ್) ಬುಡದಲ್ಲಿ, ಹಂಗಾಮಿಗೆ ಮೊದಲು ನಾನೇ ಬಿಗಿದಿದ್ದ ಜಾಗದಲ್ಲಿ, ಡೀಸೆಲ್ ಜಿನುಗಿತು. ನಾನು ಹಳೆಯ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದೆ.

ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಏಕೆಂದರೆ ಇಡೀ ನಷ್ಟ ಇಲ್ಲಿಯೇ ಹುಟ್ಟಿದ್ದು. ತಾಮ್ರದ ವಾಷರ್ ಒಮ್ಮೆ ಅಮುಕಿಸಿಕೊಂಡರೆ ಗಡುಸಾಗುತ್ತದೆ. ಮತ್ತೆ ಬಿಗಿದಾಗ ಹೊಸದರಂತೆ ಮೆತ್ತಗೆ ಕೂರುವುದಿಲ್ಲ. ಹಳಬರು ಅದನ್ನು ಕೆಂಪಗೆ ಕಾಯಿಸಿ ಆರಿಸಿ ಹಾಕುತ್ತಿದ್ದರು, ಆಗ ಮೆದುವಾಗುತ್ತದೆ. ನಾನು ಅದನ್ನೂ ಮಾಡಿರಲಿಲ್ಲ. ಆದರೆ ವಾಷರ್‌ಗಿಂತ ದೊಡ್ಡ ದಡ್ಡತನ ಬೇರೆ. ಪಂಪ್ ಬಿಚ್ಚಿಸುವ ಮೊದಲು ಆ ಪೈಪನ್ನು ನಾನು ಟಾರ್ಚ್ ಹಿಡಿದು ಪರೀಕ್ಷಿಸಿದ್ದೆ, ಬೆರಳಾಡಿಸಿ ನೋಡಿದ್ದೆ. ಎಲ್ಲ ಒಣಗಿತ್ತು. ಒಣಗಿದೆ ಎಂದರೆ ಸೋರಿಕೆಯಿಲ್ಲ, ಸೋರಿಕೆಯಿಲ್ಲ ಎಂದರೆ ಪೈಪ್ ಸರಿಯಿದೆ ಎಂದುಕೊಂಡೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ತಳ್ಳಿಸಿಕೊಂಡು ಬರುವುದಿಲ್ಲ, ಎಳೆಸಿಕೊಂಡು ಬರುತ್ತದೆ. ಸೀಳಿದ ಸ್ಟ್ರಾದಲ್ಲಿ ಎಳನೀರು ಕುಡಿದು ನೋಡಿ: ನೀರು ಹೊರಗೆ ಸೋರುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ. ಫೀಡ್ ಪಂಪ್ ದಾಟಿದ ಮೇಲಿನ ಪೈಪಿನಲ್ಲಿ ಮಾತ್ರ ಒತ್ತಡವಿದೆ, ಅಲ್ಲಿ ಸೋರಿದರೆ ಕಣ್ಣಿಗೆ ಕಾಣುತ್ತದೆ. ಓಡುವಾಗ ಒಳಸೇರುವ ಚೂರು ಗಾಳಿಯನ್ನು ಎಂಜಿನ್ ಹೇಗೋ ಸಹಿಸುತ್ತದೆ. ರಾತ್ರಿ ನಿಂತಾಗ ಆ ಸಂದಿಯಿಂದ ಗಾಳಿ ಒಳಗೆ ಬಂದು, ಪೈಪಿನಲ್ಲಿದ್ದ ಡೀಸೆಲ್ ತಗ್ಗಿನಲ್ಲಿರುವ ಟ್ಯಾಂಕಿಗೆ ಇಳಿದುಹೋಗುತ್ತದೆ. ಟ್ಯಾಂಕ್ ತುಂಬಿದ್ದರೆ ಅದರ ಮಟ್ಟವೇ ಮೇಲಿರುವುದರಿಂದ ಅಷ್ಟು ಇಳಿಯುವುದಿಲ್ಲ. ಪಂಪ್ ಅಂಗಡಿಗೆ ನಾನು ಕೊಟ್ಟ ಕೀರ್ತಿ ನಿಜವಾಗಿ ಬಂಕಿಗೆ ಸೇರಬೇಕಿತ್ತು.

ನಿಮ್ಮ ಮೆಕ್ಯಾನಿಕ್‌ಗೆ ಇನ್ನೊಂದು ಪ್ರಶ್ನೆ ಕೇಳಿ. ಪ್ಲಂಜರ್ ಸವೆದ ಪಂಪ್ ಎಂಜಿನ್ ಬಿಸಿಯಾಗಿದ್ದಾಗ ಹೆಚ್ಚು ಕಾಡುತ್ತದೆ, ಏಕೆಂದರೆ ಬಿಸಿ ಡೀಸೆಲ್ ತೆಳುವಾಗಿ ಸವೆದ ಸಂದಿಯಲ್ಲಿ ನುಸುಳಿಹೋಗುತ್ತದೆ. ನಿಮ್ಮದು ಬಿಸಿಯಿದ್ದಾಗ ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ತಣ್ಣಗಾಗಿ ನಿಂತಾಗ ಮೊಂಡು ಮಾಡುತ್ತದೆ. ಇದಕ್ಕೆ ಅವನು ಏನು ಹೇಳುತ್ತಾನೆ?

ಈಗ ಮಾಡಬೇಕಾದ್ದು. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಬಳಿ ಒಬ್ಬರನ್ನು ನಿಲ್ಲಿಸಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಆಗ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಅಮುಕುವ ಬಲ), ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು), ಡೀಸೆಲ್‌ನಲ್ಲಿ ನೀರು, ಇವುಗಳ ಕಡೆ ನೋಡಬೇಕು, ನನ್ನ ಕಥೆ ನಿಮಗೆ ಉಪಯೋಗವಿಲ್ಲ. ಎಂಜಿನ್ ನಿಲ್ಲಿಸುವ ಕೇಬಲ್ ಪಂಪಿನ ಲಿವರನ್ನು ಪೂರ್ತಿ ಬಿಟ್ಟಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ತುಕ್ಕು ಹಿಡಿದ ಕೇಬಲಿಗಾಗಿ ಪಂಪ್ ಬಿಚ್ಚಿಸಿದವರೂ ಇದ್ದಾರೆ. ಬ್ಯಾಟರಿ 24 ವೋಲ್ಟಿನದು, ಸೆಲ್ಫ್ ಹೊಡೆಯುವಾಗ 18ಕ್ಕಿಂತ ಕೆಳಗೆ ಕುಸಿದರೆ ಮೊದಲು ಅದನ್ನು ಸರಿಮಾಡಿ. ನಿಧಾನವಾಗಿ ತಿರುಗುವ ಎಂಜಿನ್ನಿಗೆ ಎಷ್ಟು ಡೀಸೆಲ್ ಕೊಟ್ಟರೂ ಉರಿಯುವುದಿಲ್ಲ.

ನಂತರ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಮೇಲಿನ ಹ್ಯಾಂಡ್ ಪಂಪ್ ಒತ್ತಿ. ಗುಳ್ಳೆಗಳು ಸ್ವಲ್ಪ ಬಂದು ನಿಂತು ಶುದ್ಧ ಡೀಸೆಲ್ ಹರಿಯಬೇಕು. ಗುಳ್ಳೆ ನಿಲ್ಲದೇ ಇದ್ದರೆ ಎಳೆಯುವ ಕಡೆ ಗಾಳಿ ಸೇರುತ್ತಿದೆ. ಕೈಗೆ ಬಿಗಿಯೇ ಸಿಗದಿದ್ದರೆ ಗಾಳಿಯೂ ಇರಬಹುದು, ಫೀಡ್ ಪಂಪಿನ ಒಳವಾಲ್ವಿನಲ್ಲಿ ಕಸ ಕೂತಿರಲೂಬಹುದು.

ಎಲ್ಲದಕ್ಕಿಂತ ನಂಬಿಕಸ್ತ ಪರೀಕ್ಷೆ ಕ್ಯಾನಿನದು. ಸಂಜೆ ಟ್ಯಾಂಕಿನ ಪೈಪನ್ನು ಫೀಡ್ ಪಂಪಿನಿಂದ ಬಿಡಿಸಿ, ಅಲ್ಲಿಗೆ ಪಾರದರ್ಶಕ ಪೈಪ್ ಜೋಡಿಸಿ, ಇನ್ನೊಂದು ತುದಿಯನ್ನು ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿ ಇಟ್ಟ ಡೀಸೆಲ್ ಕ್ಯಾನಿನಲ್ಲಿ ಮುಳುಗಿಸಿ. ಕ್ಲಿಪ್ ಬಿಗಿಯಾಗಿರಲಿ. ಏರ್ ತೆಗೆದು ಎಂಜಿನ್ ಓಡಿಸಿ ನಿಲ್ಲಿಸಿ, ರಾತ್ರಿಯಿಡೀ ಹಾಗೆಯೇ ಬಿಡಿ. ಬೆಳಿಗ್ಗೆ ಒಂದೇ ಏಟಿಗೆ ಸ್ಟಾರ್ಟ್ ಆದರೆ ಪಂಪ್ ನಿರಪರಾಧಿ. ದೋಷ ಟ್ಯಾಂಕಿನ ಜಾಲರಿ, ರಬ್ಬರ್ ಪೈಪಿನ ಬಿರುಕು, ವಾಷರ್, ಇಷ್ಟರೊಳಗೇ ಇದೆ. ಟ್ಯಾಂಕಿಗೆ ಗಾಳಿ ಊದುವ ಉಪಾಯ ಆಮೇಲೆ ಬರಲಿ, ಆದರೆ ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಟ್ಯಾಂಕ್ ಒಡೆಯುತ್ತದೆ. ಏರ್ ಫಿಲ್ಟರಿನ ಬಾಯಿಗೆ ಉರಿಯುವ ಬಟ್ಟೆ ಹಿಡಿದು ಸ್ಟಾರ್ಟ್ ಮಾಡಿಸುವ ಶೂರರು ಪ್ರತಿ ನಿಲ್ದಾಣದಲ್ಲೂ ಇರುತ್ತಾರೆ. ಅವರನ್ನು ದೂರವಿಡಿ.

ಇದನ್ನೆಲ್ಲ ಓದುವ ಬಿಎಸ್-6 (ಹೊಸ ಹೊಗೆ ನಿಯಮದ) ಲಾರಿಯವರಿಗೆ ಒಂದು ಮಾತು: ನೀವು ಪಾನಾ ಕೆಳಗಿಡಿ. 2020ರ ಏಪ್ರಿಲ್ ನಂತರದ ಆ ಎಂಜಿನ್‌ಗಳ ಕಾಮನ್ ರೈಲಿನಲ್ಲಿ (ಎಲ್ಲ ನಾಜಲ್‌ಗಳಿಗೂ ಡೀಸೆಲ್ ಹಂಚುವ ಕೊಳವೆ) ಒತ್ತಡ ಸಾವಿರ ಬಾರ್ ದಾಟುತ್ತದೆ. ಹಳೆಯ ಎಂಜಿನ್ನಿನಂತೆ ನಾಜಲ್ ಪೈಪ್ ಸಡಿಲಿಸಿ ಏರ್ ತೆಗೆಯಲು ಹೋದರೆ ಡೀಸೆಲ್ ಚರ್ಮವನ್ನೇ ತೂರಿಕೊಂಡು ಒಳಗೆ ಹೋಗುತ್ತದೆ. ಅಲ್ಲಿ ಸ್ಕ್ಯಾನರ್ ಹಚ್ಚಿ ರೈಲಿನ ಒತ್ತಡ ಓದಿಸುವುದೊಂದೇ ದಾರಿ.

ಮತ್ತೆ ನಿಮಗೆ: ಕ್ಯಾನಿನಿಂದಲೂ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಫೀಡ್ ಪಂಪ್ ಮತ್ತು ಫಿಲ್ಟರ್ ಮುಗಿಸಿಕೊಂಡೇ ದೊಡ್ಡ ಪಂಪಿಗೆ ಕೈಹಾಕಿ, ಬಿಚ್ಚುವಾಗ ಟೈಮಿಂಗ್ ಗುರುತನ್ನು ನಿಮ್ಮ ಕಣ್ಣೆದುರೇ ಹಾಕಿಸಿ. ಹೊಗೆ ಬಂತೋ ಇಲ್ಲವೋ, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು, ಇವೆರಡನ್ನೂ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಮೆಕ್ಯಾನಿಕ್‌ಗೆ ಮುಂಗಡ ಕೊಡಬೇಡಿ.