ಕಡಲಕಳೆಯನ್ನು ನಾಯಿಗೂ ಗಿಡಗಳಿಗೂ ಬಳಸಬಹುದೇ? ಎಷ್ಟು ಹಾಕಬೇಕು?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ತಾರಸಿ ತೋಟವಿದೆ, ಮನೆ ಊಟ ತಿನ್ನುವ 10 ಕೆಜಿಯ ನಾಟಿ ನಾಯಿ ಇದೆ. ಆನ್‌ಲೈನಿನಲ್ಲಿ ಒಂದು ಕೆಜಿ ಕೆಲ್ಪ್ (ಕಂದು ಕಡಲಕಳೆ) ಪುಡಿ ಸಿಗುತ್ತಿದೆ, ಮಲ್ಪೆಯ ನೆಂಟರು ದಡಕ್ಕೆ ಬಂದ ಕಡಲಕಳೆ ಕಳಿಸುತ್ತೇವೆ ಅನ್ನುತ್ತಿದ್ದಾರೆ. ನಾಯಿಗೂ ಗಿಡಕ್ಕೂ ಯಾವುದು, ಎಷ್ಟು?

ಗಿಡಕ್ಕೆ ಎರಡೂ ಆಗುತ್ತವೆ. ನಾಯಿಗೆ ಮಲ್ಪೆಯದು ಖಂಡಿತ ಬೇಡ. ಪುಡಿಯನ್ನೂ ಕೂಡ, ಪ್ಯಾಕೆಟ್ಟಿನ ಮೇಲೆ ಅಯೋಡಿನ್ ಪ್ರಮಾಣ ಬರೆದಿದ್ದರೆ ಮಾತ್ರ ಕೊಡಿ. ನಾಯಿಗಾದರೆ ಅಳತೆ ನಿರ್ಧರಿಸುವುದು ಅಯೋಡಿನ್, ಗಿಡಕ್ಕಾದರೆ ಉಪ್ಪು. ಇವೆರಡನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ "ನೈಸರ್ಗಿಕ ತಾನೇ" ಅಂತ ಚಮಚಗಟ್ಟಲೆ ಸುರಿಯುವುದರಿಂದಲೇ ಹೆಚ್ಚಿನ ತೊಂದರೆ ಆಗುವುದು.

ಮೊದಲು ನಾಯಿಯ ವಿಷಯ. ನಾಯಿಗಳಿಗೆಂದು ಮಾರುವ ಪುಡಿ ಬಹುಪಾಲು ಆಸ್ಕೋಫಿಲಮ್ ನೋಡೋಸಮ್ ಎಂಬ ಕಂದು ಕಡಲಕಳೆಯದು. ಇದು ಐರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಕೆನಡಾದ ಪೂರ್ವ ತೀರದ ತಣ್ಣೀರಿನ ಬಂಡೆಗಳ ಮೇಲೆ ಬೆಳೆಯುವಂಥದ್ದು, ನಮ್ಮ ಅರಬ್ಬಿ ಸಮುದ್ರದಲ್ಲಿ ಇಲ್ಲ. ನಮ್ಮ ದಡಕ್ಕೆ ಬರುವ ಕಂದು ಕಳೆ ಹೆಚ್ಚಾಗಿ ಸರ್ಗಾಸಮ್: ಎಲೆಗಳ ನಡುವೆ ಮೆಣಸಿನ ಕಾಳಿನಷ್ಟು ಗಾಳಿಗುಳ್ಳೆಗಳಿರುತ್ತವೆ, ಒತ್ತಿದರೆ ಟಪ್ ಅಂತ ಒಡೆಯುತ್ತವೆ. ಈ ಕುಲದ ಕಳೆಗಳು ಆರ್ಸೆನಿಕ್ ಹೀರಿ ಶೇಖರಿಸುವುದರಲ್ಲಿ ಮುಂದು. ಜಪಾನಿನ ಹಿಜಿಕಿ ಕೂಡ ಸರ್ಗಾಸಮ್ಮೇ. ಅದನ್ನು ಮನುಷ್ಯರೇ ತಿನ್ನಬಾರದು ಎಂದು ಬ್ರಿಟನ್ನಿನ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ಹೇಳುತ್ತದೆ. ಅದಲ್ಲದೆ, ದಡದಲ್ಲಿ ಒಣಗಿದ ಕಳೆಯನ್ನು ನಾಯಿ ನುಂಗಿದರೆ ಅದು ಹೊಟ್ಟೆಯೊಳಗೆ ನೀರು ಹೀರಿ ಉಬ್ಬಿ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಬಲೆಯ ದಾರ, ಗಾಳ, ಸತ್ತ ವಿಷದ ಪಫರ್ ಮೀನು ಕೂಡ ಆ ರಾಶಿಯಲ್ಲೇ ಇರುತ್ತವೆ. ನಾಯಿಯನ್ನು ಬೀಚಿಗೆ ಕರೆದೊಯ್ದಾಗ ಕಳೆ ತಿಂದಿತು, ಆಮೇಲೆ ಪದೇ ಪದೇ ವಾಂತಿ, ಮಲ ಬರುತ್ತಿಲ್ಲ, ಹೊಟ್ಟೆ ಮುಟ್ಟಿದರೆ ಕಿರುಚುತ್ತದೆ ಅಂದರೆ ಮರುದಿನದವರೆಗೆ ಕಾಯಬೇಡಿ, ಆವತ್ತೇ ವೈದ್ಯರ ಹತ್ತಿರ ಹೋಗಿ.

ಇನ್ನು ಪುಡಿಯ ಲೆಕ್ಕ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2006ರಲ್ಲಿ ಕೊಟ್ಟ ಸೂತ್ರದಂತೆ 10 ಕೆಜಿಯ ವಯಸ್ಕ ನಾಯಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 165 ಮೈಕ್ರೋಗ್ರಾಂ, 25 ಕೆಜಿಯದಕ್ಕೆ ಸುಮಾರು 330. ಪ್ಯಾಕೆಟ್ಟಿನಲ್ಲಿ ಕೆಜಿಗೆ 700 ಮಿಲಿಗ್ರಾಂ ಅಂತಿದ್ದರೆ ಒಂದು ಗ್ರಾಂ ಪುಡಿಯಲ್ಲಿ 700 ಮೈಕ್ರೋಗ್ರಾಂ ಇದೆ ಎಂದರ್ಥ. ಅಂದರೆ ನಿಮ್ಮ ನಾಯಿಯ ಇಡೀ ದಿನದ ಅಗತ್ಯ ಕಾಲು ಗ್ರಾಮಿಗೂ ಕಡಿಮೆ ಪುಡಿಯಲ್ಲೇ ಮುಗಿಯಿತು. ಒಂದು ಟೀ ಚಮಚ ಪುಡಿ ಸುಮಾರು 3 ಗ್ರಾಂ. ಅಷ್ಟು ಹಾಕಿದರೆ ಬೇಕಾದದ್ದರ ಹನ್ನೆರಡು ಪಟ್ಟು ಮೀರುತ್ತದೆ. ವಾರಗಟ್ಟಲೆ ಹೀಗೆ ಕೊಟ್ಟರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸುವುದನ್ನೇ ಕಡಿಮೆ ಮಾಡಬಹುದು. ಆಗ ನಾಯಿ ಮಂಕಾಗುತ್ತದೆ, ದಪ್ಪಗಾಗುತ್ತದೆ, ಕೂದಲು ಹೊಳಪು ಕಳೆದುಕೊಂಡು ಉದುರುತ್ತದೆ. ಕೂದಲು ಚೆನ್ನಾಗಿ ಬರಲಿ ಅಂತ ಕೊಟ್ಟಿದ್ದಕ್ಕೆ ತದ್ವಿರುದ್ಧ ಫಲ.

ಊಟದಿಂದಲೂ ಅಷ್ಟಿಷ್ಟು ಅಯೋಡಿನ್ ಬರುತ್ತದೆ: ಮೊಟ್ಟೆ, ಹಾಲು, ಸಮುದ್ರದ ಮೀನು. ಅಯೋಡಿನ್ ಉಪ್ಪಿನಿಂದ ಬರುವುದು ತೀರಾ ಕಡಿಮೆ. ನಿಯಮದ ಕನಿಷ್ಠ ಮಟ್ಟದಲ್ಲಿ ಒಂದು ಗ್ರಾಂ ಉಪ್ಪಿಗೆ 15 ಮೈಕ್ರೋಗ್ರಾಂ. ಹಾಗಾಗಿ ಅನ್ನ, ಕೋಳಿ, ಮೊಸರು ತಿನ್ನುವ ನಿಮ್ಮ ನಾಯಿಗೆ, ಕೆಜಿಗೆ 700 ಮಿಲಿಗ್ರಾಂ ಅಯೋಡಿನ್ ಇರುವ ಕೆಲ್ಪ್ ಪುಡಿಯಾದರೆ, ದಿನಕ್ಕೆ 0.15 ಗ್ರಾಂ ಸಾಕು ಎಂಬುದು ನನ್ನ ಅಭಿಪ್ರಾಯ. ಅಡುಗೆ ಮನೆಯ ತಕ್ಕಡಿಯಲ್ಲಿ ಇಷ್ಟು ಸಣ್ಣ ತೂಕ ಬರುವುದಿಲ್ಲ, ಅದಕ್ಕೆ ಹೀಗೆ ಮಾಡಿ. 10 ಗ್ರಾಂ ಕೆಲ್ಪ್ ಪುಡಿಯನ್ನು ಮಿಕ್ಸಿಯಲ್ಲಿ ಇನ್ನಷ್ಟು ನುಣ್ಣಗೆ ಮಾಡಿ, 90 ಗ್ರಾಂ ಹುರಿಗಡಲೆ ಹಿಟ್ಟಿನ ಜತೆ ಸೇರಿಸಿ, ಎರಡು ಸಲ ಜರಡಿ ಹಿಡಿಯಿರಿ. ತರಿತರಿಯಾಗಿ ಉಳಿದರೆ ಕೆಲ್ಪ್ ಡಬ್ಬಿಯ ತಳಕ್ಕೆ ಇಳಿದು, ಕೊನೆಯ ವಾರದ ಅಳತೆ ಕೆಡುತ್ತದೆ. ಈ ಮಿಶ್ರಣದ 1.5 ಗ್ರಾಂ ದಿನದ ಪ್ರಮಾಣ. ತಲೆ ಸವರಿದ ಅರ್ಧ ಟೀ ಚಮಚ ಸರಿಸುಮಾರು ಇಷ್ಟೇ ತೂಗುತ್ತದೆ, ಆದರೂ ಒಮ್ಮೆ ಹತ್ತು ಅರ್ಧ ಚಮಚ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ ನೋಡಿಕೊಳ್ಳಿ. ಕೈತಪ್ಪಿ ಒಂದು ದಿನ ಎರಡರಷ್ಟು ಬಿದ್ದರೂ ಅಪಾಯವಿಲ್ಲ. ಹಿಟ್ಟು ಬೆರೆಸುವ ದೊಡ್ಡ ಲಾಭವೇ ಅದು. ಗಾಳಿಯಾಡದ ಡಬ್ಬಿಯಲ್ಲಿಡಿ, ಎರಡು ತಿಂಗಳಿಗೆ ಬರುತ್ತದೆ. ಅಡುಗೆ ಆರಿದ ಮೇಲೆ ಬೆರೆಸಿ, ಕುದಿಸಬೇಡಿ.

ಈ ಲೆಕ್ಕದಲ್ಲಿ ವರ್ಷಕ್ಕೆ ಬೇಕಾಗುವುದು 55 ಗ್ರಾಂ. ನಾಯಿಗೆಂದು ಒಂದು ಕೆಜಿ ತರಿಸುವ ಅಗತ್ಯವೇ ಇಲ್ಲ. ಪಶು ಆಹಾರ ದರ್ಜೆಯ, ಅಯೋಡಿನ್ ಪ್ರಮಾಣವನ್ನೂ ಭಾರ ಲೋಹಗಳ ಪರೀಕ್ಷೆಯನ್ನೂ ನಮೂದಿಸಿದ 100 ಗ್ರಾಂ ಡಬ್ಬಿ ಕೊಳ್ಳಿ. ಗೊಬ್ಬರ ಅಂತ ಮಾರುವ ಪುಡಿಗೆ ಈ ಪರೀಕ್ಷೆಗಳಾಗಿರುತ್ತವೆ ಎಂಬ ಖಾತ್ರಿಯಿಲ್ಲ. ಗಿಡದ ದ್ರವ ರೂಪದ್ದಂತೂ ಬೇಡವೇ ಬೇಡ; ಅವುಗಳಲ್ಲಿ ಬಹಳಷ್ಟನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಕರಗಿಸಿ ತೆಗೆದಿರುತ್ತಾರೆ, ಕೆಡದಂತೆ ಸಂರಕ್ಷಕವೂ ಇರುತ್ತದೆ. ಜಪಾನಿ ಅಡುಗೆಯ ಕೊಂಬು ಎಂಬ ಕಡಲಕಳೆಯನ್ನೂ ಕೊಡಬೇಡಿ, ಅದರ ಅಯೋಡಿನ್ ಇದಕ್ಕಿಂತ ಹಲವು ಪಟ್ಟು ಜಾಸ್ತಿ. ಉಪ್ಪು, ಬೆಳ್ಳುಳ್ಳಿ, ಎಣ್ಣೆ ಏನೂ ಹಚ್ಚದ ನೋರಿ (ಸುಶಿಗೆ ಸುತ್ತುವ ಕಡಲಕಳೆ) ಹಾಳೆಯ ಒಂದು ಚೂರು ಮಾತ್ರ ಚಿಂತೆಯಿಲ್ಲದೆ ಕೊಡಬಹುದು.

ಪ್ಯಾಕೆಟ್ ಆಹಾರ ತಿನ್ನುವ ನಾಯಿಗೆ ಇದರ ಅಗತ್ಯವೇ ಇಲ್ಲ, ಅದರಲ್ಲಿ ಅಯೋಡಿನ್ ಸೇರಿಸಿಯೇ ಇರುತ್ತಾರೆ. ಮರಿಗಳು, ಗಬ್ಬದ ನಾಯಿಗಳು, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ನಾಯಿಗಳಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಥೈರಾಯ್ಡ್ ಕುಂದಿದ ನಾಯಿಗೆ ಕೆಲ್ಪ್ ಮದ್ದು ಎಂಬ ಮಾತು ತಪ್ಪು. ನಾಯಿಗಳಲ್ಲಿ ಆ ಕಾಯಿಲೆ ಬಹುತೇಕ ಗ್ರಂಥಿಯೇ ನಾಶವಾಗಿ ಬರುವುದು, ಅಯೋಡಿನ್ ಕೊರತೆಯಿಂದಲ್ಲ.

ಹಲ್ಲಿನ ವಿಷಯದಲ್ಲಿ ಮಾತ್ರ ಇದಕ್ಕೆ ಒಳ್ಳೆಯ ಆಧಾರವಿದೆ. ಆಸ್ಕೋಫಿಲಮ್ ತಿಂದ ನಾಯಿಗಳ ಹಲ್ಲಿನ ಮೇಲೆ ಪ್ಲೇಕ್ (ಅಂಟು ಪದರ) ಕಡಿಮೆ ಕೂರುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ, ಪ್ಲೇಕ್‌ಆಫ್ ಎಂಬ ಪುಡಿ ಮಾಡಿರುವುದು ಇದರಿಂದಲೇ. ಪರಿಣಾಮ ಕಾಣಲು ಕೆಲವು ವಾರ ಬೇಕು. ಆಗಲೇ ಗಟ್ಟಿಯಾಗಿ ಕೂತ ಹಳದಿ ಗಾರೆಯನ್ನು ಇದೊಂದರಿಂದ ತೆಗೆಯಲಾಗದು, ಅದಕ್ಕೆ ವೈದ್ಯರಿಂದ ಸ್ಕೇಲಿಂಗ್ ಆಗಬೇಕು. ಹಲ್ಲಿನ ಪುಡಿ ಕೊಡುವುದಾದರೆ ಡಬ್ಬಿಯ ಅಳತೆಯನ್ನಷ್ಟೇ ಕೊಡಿ, ಮೇಲೆ ಹೇಳಿದ ಕೆಲ್ಪ್ ಮಿಶ್ರಣವನ್ನು ನಿಲ್ಲಿಸಿ.

ಈಗ ತೋಟ. ಕಡಲಕಳೆ ಗೊಬ್ಬರ ಎನ್ನುವುದಕ್ಕಿಂತ ಉತ್ತೇಜಕ ಎನ್ನುವುದೇ ಸರಿ. ಒಣಪುಡಿಯಲ್ಲಿ ಸಾರಜನಕ ಸುಮಾರು ಶೇ. 1, ರಂಜಕ ಇಲ್ಲವೆನ್ನುವಷ್ಟು, ಪೊಟ್ಯಾಷ್ ಸುಮಾರು ಶೇ. 2. ಗಿಡ ಸ್ಪಂದಿಸುವುದು ಅದರ ಬೆಳವಣಿಗೆಯ ಹಾರ್ಮೋನು, ಬೀಟೈನ್ (ಒತ್ತಡ ತಾಳಲು ನೆರವಾಗುವ ವಸ್ತು), ಲೋಳೆಯಂಥ ಆಲ್ಜಿನೇಟ್‌ಗಳಿಗೆ. ಕೇಂದ್ರ ಸರ್ಕಾರವೂ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ಇಂಥವನ್ನು ಜೈವಿಕ ಉತ್ತೇಜಕಗಳ ಸಾಲಿಗೆ ಸೇರಿಸಿತು. ಕಾಂಪೋಸ್ಟ್, ಬೇವಿನ ಹಿಂಡಿ ನಿಲ್ಲಿಸಿ ಇದೊಂದನ್ನೇ ಕೊಟ್ಟರೆ ಎಲೆ ಹಳದಿಯಾಗುವುದು ಖಚಿತ.

ಒಣಪುಡಿಯಾದರೆ 12 ಇಂಚಿನ ಕುಂಡಕ್ಕೆ 10 ಗ್ರಾಂ, ಪಾತಿಗೆ ಚದರ ಮೀಟರಿಗೆ 50ರಿಂದ 100 ಗ್ರಾಂ, ಮೂರ್ನಾಲ್ಕು ತಿಂಗಳಿಗೊಮ್ಮೆ. ಮೇಲೆ ಉದುರಿಸಿ ಬಿಟ್ಟರೆ ಲೋಳೆಯ ಪದರ ಕಟ್ಟಿ ನೀರು ಇಳಿಯುವುದಿಲ್ಲ, ಮೇಲ್ಮಣ್ಣಿನಲ್ಲಿ ಬೆರೆಸಿ.

ದ್ರವದ್ದು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ತಮಿಳುನಾಡಿನ ಮಂಡಪಂ ಸುತ್ತಮುತ್ತ ಬೆಳೆಸುವ ಕಪ್ಪಾಫೈಕಸ್ ಕಳೆಯನ್ನು ಹಸಿಯಾಗಿಯೇ ಅರೆದು ರಸ ತೆಗೆಯುವ ವಿಧಾನವನ್ನು ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ರೂಪಿಸಿತು. ರೈತರ ಸಹಕಾರಿ ಸಂಸ್ಥೆ ಇಫ್ಕೋದ ‘ಸಾಗರಿಕಾ’ ಅಂಗಡಿಗಳಲ್ಲಿ ಕಾಣುವ ಹೆಸರು. ಸಾಮಾನ್ಯ ಅಳತೆ ಲೀಟರಿಗೆ 2ರಿಂದ 3 ಮಿ.ಲೀ., 15 ದಿನಕ್ಕೊಮ್ಮೆ, ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ, ಎಲೆಯ ಅಡಿಭಾಗ ನೆನೆಯುವಂತೆ. ಹೆಚ್ಚು ಹಾಕಿದರೆ ಹೆಚ್ಚು ಫಲ ಅಂದುಕೊಳ್ಳಬೇಡಿ: ದಟ್ಟವಾದರೆ ಅವೇ ಹಾರ್ಮೋನುಗಳು ಬೇರಿನ ಬೆಳವಣಿಗೆ ತಡೆಯುತ್ತವೆ, ಎಲೆಯಂಚು ಸುಡುತ್ತದೆ.

ಬೆಂಗಳೂರಿನವರಿಗೆ ಒಂದು ಮುಖ್ಯ ಎಚ್ಚರಿಕೆ. ಗಡಸು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಕಂದು ಕಳೆಯ ಆಲ್ಜಿನೇಟ್ ಜತೆ ಸೇರಿದರೆ ಅಂಟಂಟಾದ ಕಂದು ಎಳೆಗಳಾಗಿ ಹೆಪ್ಪುಗಟ್ಟುತ್ತದೆ. ಸ್ಪ್ರೇಯರಿನ ನಾಜಲ್ ಕಟ್ಟಿಕೊಳ್ಳುವುದು ಇದರಿಂದಲೇ, ಔಷಧಿ ಕೆಟ್ಟಿದೆ ಅಂತಲ್ಲ. ಮಳೆನೀರು ಅಥವಾ ಕಾವೇರಿ ನೀರು ಬಳಸಿ. ಆರ್‌ಓ ಯಂತ್ರದ ಹೊರಹೋಗುವ ನೀರು ಇನ್ನೂ ಗಡಸು, ಅದು ಬೇಡ. ಇದೇ ಕಾರಣಕ್ಕೆ ಶಿಲೀಂಧ್ರನಾಶಕ ಬೋರ್ಡೋ ದ್ರಾವಣದ ಜತೆಗೂ ಬೆರೆಸಬಾರದು. ಅದರ ಸುಣ್ಣ, ತಾಮ್ರ ಎರಡೂ ಇದನ್ನು ಹೆಪ್ಪುಗಟ್ಟಿಸುತ್ತವೆ. ಒಂದು ವಾರ ಅಂತರವಿರಲಿ.

ಮಲ್ಪೆಯ ಹಸಿ ಕಳೆ ಬಂದರೆ ಮೊದಲು ದಾರ, ಥರ್ಮಾಕೋಲ್, ಪ್ಲಾಸ್ಟಿಕ್ ಆರಿಸಿ. ಬಂಡೆಯಿಂದ ಕಿತ್ತದ್ದು ಬೇಡ, ದಡಕ್ಕೆ ತಾನಾಗಿ ಬಂದದ್ದು ಮಾತ್ರ ಸಾಕು ಅಂತ ನೆಂಟರಿಗೆ ಹೇಳಿ. ಬಂಡೆಯ ಕಳೆ ಮೀನುಮರಿಗಳ ಮನೆ. ಬಕೆಟ್ಟಿನಲ್ಲಿ ಎರಡು ಮೂರು ನೀರು ಬದಲಿಸಿ ತೊಳೆಯಿರಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಕೊನೆಯ ನೀರಿನ ಅಂಕಿ ನಲ್ಲಿ ನೀರಿಗಿಂತ 200-300ರೊಳಗೆ ಹೆಚ್ಚಿದ್ದರೆ ಸಾಕು. ರಾತ್ರಿಯಿಡೀ ನೆನೆಹಾಕಬೇಡಿ, ಉಪ್ಪಿನ ಜತೆ ಪೊಟ್ಯಾಷ್ ಕೂಡ ಚರಂಡಿ ಪಾಲಾಗುತ್ತದೆ. ಕರಾವಳಿಯಲ್ಲಿ ಮುಂಗಾರಿಗೆ ಮೊದಲು ತೆಂಗಿನ ಬುಡಕ್ಕೆ ತೊಳೆಯದೆಯೇ ಹಾಕಿದರೂ ನಡೆಯುತ್ತದೆ: ಉಪ್ಪನ್ನು ಮಳೆ ಒಯ್ಯುತ್ತದೆ, ತೆಂಗಿಗೆ ಕ್ಲೋರೈಡ್ ಬೇಕೂ ಬೇಕು. ತಾರಸಿಯ ಕುಂಡದಲ್ಲಿ ಉಪ್ಪು ಅಲ್ಲೇ ಉಳಿಯುತ್ತದೆ. ಬೀನ್ಸ್, ಕ್ಯಾರೆಟ್, ಈರುಳ್ಳಿ ಮೊದಲು ಬಾಡುತ್ತವೆ. ಬೀಟ್‌ರೂಟ್, ಪಾಲಕ್ ಸ್ವಲ್ಪ ತಡೆಯುತ್ತವೆ.

ತೊಳೆದದ್ದನ್ನು ಕತ್ತರಿಸಿ, ಒಂದು ಪಾಲಿಗೆ ಮೂರು ಪಾಲು ಒಣಎಲೆ ಸೇರಿಸಿ ಕಾಂಪೋಸ್ಟ್ ಮಾಡುವುದೇ ಉತ್ತಮ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ತಿರುವಿ ಹಾಕಿ, ಒಣಎಲೆ ಹೆಚ್ಚಿಸಿ. ಹಸಿಯಾಗಿ ಮಣ್ಣಿಗೆ ಸೇರಿಸಿದ ಕಡೆ ಕೆಲವು ವಾರ ಬಿತ್ತಬೇಡಿ, ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಸೂಕ್ಷ್ಮಜೀವಿಗಳು ಹಿಡಿದಿಟ್ಟುಕೊಳ್ಳುತ್ತವೆ. ಆರ್ಸೆನಿಕ್ ಕಾರಣಕ್ಕೆ ಸರ್ಗಾಸಮ್ ಕಾಂಪೋಸ್ಟನ್ನು ಹೂಗಿಡಗಳಿಗೆ ಇಟ್ಟುಕೊಳ್ಳಿ, ಸೊಪ್ಪಿನ ಪಾತಿಗೆ ವರ್ಷ ವರ್ಷ ಹಾಕಬೇಡಿ.

ನಾಯಿ, ತೋಟ ಎರಡೂ ಇರುವ ಮನೆಯಾದ್ದರಿಂದ ಕೊನೆಯದಾಗಿ ಒಂದು ವಿಷಯ. ಕಡಲಕಳೆ ಪುಡಿಯನ್ನು ಮೂಳೆ ಪುಡಿ, ಮೀನಿನ ಪುಡಿ, ಹರಳು ಹಿಂಡಿ ಜತೆ ಬೆರೆಸಿ ಮಾರುವ ಮಿಶ್ರಣಗಳಿವೆ. ಮೂಳೆಯ, ಮೀನಿನ ವಾಸನೆಗೆ ನಾಯಿ ಕುಂಡ ಬಗೆದು ತಿನ್ನುತ್ತದೆ. ಹರಳು ಹಿಂಡಿಯಲ್ಲಿ ರಿಸಿನ್ ಎಂಬ ವಿಷ ಉಳಿದಿರಬಹುದು, ಸ್ವಲ್ಪ ತಿಂದರೂ ವಾಂತಿ, ರಕ್ತಭೇದಿ ಆಗಿ ನಾಯಿ ಸಾಯಬಹುದು. ಕೊಳ್ಳುವಾಗ ಚೀಟಿ ಓದಿ, ಹರಳು ಹಿಂಡಿ ಇದ್ದರೆ ಆ ಚೀಲ ಮನೆಗೆ ತರಬೇಡಿ. ನಾಯಿ ತಿಂದಿದೆ ಎಂಬ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ, ಚೀಲದ ಸಮೇತ ವೈದ್ಯರಲ್ಲಿಗೆ ಓಡಿ.